ಬ್ಲೇಡ್ ಹೊಸದಾದರೆ ಸಾಲದು: ಸಲೂನ್ ಮತ್ತು ಪಾರ್ಲರ್‌ಗಳಲ್ಲಿ ಸೋಂಕು ತಡೆಯುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಇಂದು ಗಡ್ಡ ಮಾಡಿಸಲು ಕುಳಿತ ಗಿರಾಕಿ ಮೊದಲು ನೋಡುವುದು ಬ್ಲೇಡ್ ಹೊಸದೇ ಎಂದು. ಅಂಗಡಿಯವರೂ ಅವನ ಕಣ್ಣೆದುರಿಗೇ ಕಾಗದ ಬಿಚ್ಚಿ, ಬ್ಲೇಡನ್ನು ಎರಡು ತುಂಡು ಮಾಡಿ, ಒಂದನ್ನು ರೇಜರಿಗೆ ಸಿಕ್ಕಿಸುತ್ತಾರೆ. ಎಚ್‌ಐವಿ ಬಗ್ಗೆ ವರ್ಷಗಟ್ಟಲೆ ನಡೆದ ಜಾಗೃತಿ ತಂದುಕೊಟ್ಟ ದೊಡ್ಡ ಲಾಭವಿದು. ಆದರೆ ಬೆಳಿಗ್ಗೆಯಿಂದ ಆ ರೇಜರಿನ ಹಿಡಿಕೆ ಎಷ್ಟು ಕೆನ್ನೆಗಳನ್ನು ಮುಟ್ಟಿದೆ, ಕೊನೆಯಲ್ಲಿ ಉಜ್ಜುವ ಪಟಿಕದ ತುಂಡು ಎಷ್ಟು ಜನರ ಗಾಯದ ಮೇಲೆ ಓಡಾಡಿದೆ, ಕುತ್ತಿಗೆಗೆ ಕಟ್ಟಿದ ಬಟ್ಟೆ ಒಗೆದು ಎಷ್ಟು ದಿನವಾಯಿತು ಎಂದು ಯಾರೂ ಕೇಳುವುದಿಲ್ಲ. ಸೋಂಕು ದಾಟುವುದು ಯಾರೂ ಕೇಳದ ಈ ವಸ್ತುಗಳ ಮೂಲಕ.

ಮಂಡಿಪೇಟೆಯ ಎರಡು ಕುರ್ಚಿಯ ಕ್ಷೌರದಂಗಡಿ, ವಿದ್ಯಾನಗರದ ಹವಾನಿಯಂತ್ರಿತ ಸಲೂನ್, ನಿಟುವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ನಡೆಸುವ ಹೆಣ್ಣುಮಗಳು, ಈ ಮೂವರಿಗೂ ಇಲ್ಲಿನ ಮಾತು ಒಂದೇ ರೀತಿ ಅನ್ವಯಿಸುತ್ತದೆ. ದುಬಾರಿ ಯಂತ್ರ ಬೇಕಿಲ್ಲ. ಬೇಕಿರುವುದು ಸಾಕಷ್ಟು ಜೊತೆ ಸಾಮಾನು ಮತ್ತು ಅವು ದ್ರಾವಣದಲ್ಲಿ ನೆನೆಯಲು ಹತ್ತು ನಿಮಿಷ. ಒಂದೇ ಬಾಚಣಿಗೆ, ಒಂದೇ ಕತ್ತರಿ ಇಟ್ಟುಕೊಂಡವರಿಗೆ ಆ ಹತ್ತು ನಿಮಿಷ ಎಂದಿಗೂ ಸಿಗುವುದಿಲ್ಲ. ಮುಂದಿನ ಗಿರಾಕಿ ಆಗಲೇ ಕುರ್ಚಿಯಲ್ಲಿ ಕುಳಿತಿರುತ್ತಾನೆ.

ಯಾವುದರಿಂದ ಏನು ಅಂಟುತ್ತದೆ

ರಕ್ತದ ಮೂಲಕ ಬರುವವು ಮುಖ್ಯವಾಗಿ ಮೂರು: ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ, ಜೊತೆಗೆ ಎಚ್‌ಐವಿ. ಜನ ಹೆದರುವುದು ಕೊನೆಯದಕ್ಕೆ. ಸಲೂನಿನ ಮಟ್ಟಿಗೆ ಹೆಚ್ಚು ಹೆದರಬೇಕಾದದ್ದು ಮೊದಲನೆಯದಕ್ಕೆ. ಎಚ್‌ಐವಿ ದೇಹದ ಹೊರಗೆ ಬೇಗನೆ ಶಕ್ತಿ ಕಳೆದುಕೊಳ್ಳುತ್ತದೆ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ 7 ದಿನ ಜೀವಂತವಿರಬಲ್ಲದು, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಕಲೆಯಲ್ಲಿ. ಸೋಮವಾರ ಕೆನ್ನೆ ಕೊಯ್ದ ಉಪಕರಣವನ್ನು ತೊಳೆಯದೆ ಇಟ್ಟರೆ ಶನಿವಾರ ಬರುವ ಗಿರಾಕಿಗೂ ಅದು ಅಪಾಯವೇ. ಈ ಕಾಯಿಲೆ ಹಲವರಲ್ಲಿ ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಕಾಮಾಲೆಯಾಗಿ ಕಣ್ಣು ಹಳದಿಯಾದವರಿಂದ ಮಾತ್ರ ಹರಡುತ್ತದೆ ಎಂದುಕೊಳ್ಳುವುದು ತಪ್ಪು. ಆದ್ದರಿಂದ ಮುಖ ನೋಡಿ ಅಳೆಯುವುದನ್ನು ಬಿಟ್ಟು, ಎಲ್ಲರಿಗೂ ಒಂದೇ ಮಟ್ಟದ ಎಚ್ಚರ ವಹಿಸಬೇಕು.

ಚರ್ಮದಿಂದ ಚರ್ಮಕ್ಕೆ ದಾಟುವವು ಇದಕ್ಕಿಂತ ಸಾಮಾನ್ಯ. ಹುಳುಕಡ್ಡಿ ಅಥವಾ ಗಜಕರ್ಣ, ಕೂದಲ ಬುಡದ ಕೀವುಗುಳ್ಳೆ, ಹೇನು, ಕಜ್ಜಿ, ನರುಳ್ಳೆ ಎಲ್ಲವೂ ಬಾಚಣಿಗೆ, ಟ್ರಿಮ್ಮರ್, ಟವೆಲ್, ಬೆರಳುಗಳ ಮೂಲಕ ಊರು ಸುತ್ತುತ್ತವೆ. ಹುಳುಕಡ್ಡಿಯನ್ನು ಹಗುರವಾಗಿ ಕಾಣುವ ಕಾಲ ಹೋಯಿತು. ಕಳೆದ ಹತ್ತು ವರ್ಷಗಳಲ್ಲಿ ಭಾರತದಲ್ಲಿ ಹರಡಿರುವ ಹೊಸ ಬಗೆಯ ಶಿಲೀಂಧ್ರ ಮೊದಲಿನ ಮಾತ್ರೆಗಳಿಗೆ ಸುಲಭವಾಗಿ ಬಗ್ಗುತ್ತಿಲ್ಲ. ತಿಂಗಳುಗಟ್ಟಲೆ ಔಷಧಿ ತೆಗೆದುಕೊಂಡರೂ ಮರುಕಳಿಸುತ್ತದೆ. ದಾವಣಗೆರೆಯಂಥ ಹಾಸ್ಟೆಲ್‌ಗಳ ಊರಿನಲ್ಲಿ, ಬೇಸಿಗೆಯ ಬೆವರಿನಲ್ಲಿ, ಒಂದು ಕುತ್ತಿಗೆಯಿಂದ ಇನ್ನೊಂದು ಕುತ್ತಿಗೆಗೆ ಅದು ದಾಟಲು ಒಂದು ಟ್ರಿಮ್ಮರ್ ಸಾಕು.

ಮೊದಲ ಕೆಲಸ: ಸಾಮಾನು ಎಣಿಸುವುದು

ಒಂದು ಕುರ್ಚಿಗೆ ಕನಿಷ್ಠ ಮೂರು ಜೊತೆ ಇರಲಿ. ಜೊತೆ ಎಂದರೆ ಎರಡು ಬಾಚಣಿಗೆ, ಒಂದು ಕತ್ತರಿ, ಒಂದು ರೇಜರ್ ಹಿಡಿಕೆ, ಒಂದು ಕುತ್ತಿಗೆಯ ಬ್ರಷ್. ಒಂದು ಜೊತೆ ಕೈಯಲ್ಲಿ, ಒಂದು ದ್ರಾವಣದಲ್ಲಿ, ಒಂದು ಒಣಗಿ ಡಬ್ಬಿಯಲ್ಲಿ. ಪಾರ್ಲರ್ ಆದರೆ ಚಿಮಟ, ಉಗುರು ಕತ್ತರಿಸುವ ಸಾಧನ, ಫೇಶಿಯಲ್ ಬ್ರಷ್, ಬ್ಲ್ಯಾಕ್‌ಹೆಡ್ ತೆಗೆಯುವ ಕಡ್ಡಿಗಳಿಗೂ ಇದೇ ಲೆಕ್ಕ. ಕತ್ತರಿ ದುಬಾರಿ ಎನ್ನುವವರ ಮಾತು ನಿಜ. ಒಳ್ಳೆಯ ಕತ್ತರಿ ಎರಡೇ ಇದ್ದರೂ ನಡೆಯುತ್ತದೆ. ಬಾಚಣಿಗೆ, ಬ್ರಷ್, ಹಿಡಿಕೆಗಳಲ್ಲಿ ಮಾತ್ರ ಚೌಕಾಶಿ ಬೇಡ.

ಇದರ ಜೊತೆಗೆ ಮುಚ್ಚಳವಿರುವ ಎರಡು ಡಬ್ಬಿ ಬೇಕು. ಒಂದರ ಮೇಲೆ ‘ಶುದ್ಧ’, ಇನ್ನೊಂದರ ಮೇಲೆ ‘ಬಳಸಿದ್ದು’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನಿಗೂ ಗೊತ್ತಾಗುವಂತಿರಲಿ. ಬಳಸಿದ ಬಾಚಣಿಗೆಯನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೋ, ಜೇಬಿನಲ್ಲೋ ಇಡುವ ಅಭ್ಯಾಸ ಇಂದಿನಿಂದಲೇ ನಿಲ್ಲಬೇಕು. ನೆಲಕ್ಕೆ ಬಿದ್ದದ್ದು ನೇರ ‘ಬಳಸಿದ್ದು’ ಡಬ್ಬಿಗೆ.

ತೊಳೆದ ಮೇಲೆ ನೆನೆಸಿ

ಅನೇಕ ಅಂಗಡಿಗಳಲ್ಲಿ ನೀಲಿ ದ್ರಾವಣ ತುಂಬಿದ ಗಾಜಿನ ಜಾಡಿ ಇರುತ್ತದೆ. ಅದರಲ್ಲಿ ಕೂದಲು ಸಿಕ್ಕಿಕೊಂಡ ಬಾಚಣಿಗೆ ನಿಂತಿರುತ್ತದೆ. ನೋಡಲು ಭರವಸೆ ಮೂಡುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಎಣ್ಣೆ, ಹೊಟ್ಟು, ಸೋಪಿನ ನೊರೆ, ರಕ್ತ ಇವುಗಳ ಪದರದಡಿ ಕುಳಿತ ರೋಗಾಣುವನ್ನು ಯಾವ ದ್ರಾವಣವೂ ಮುಟ್ಟಲಾರದು. ಕ್ಲೋರಿನ್ ದ್ರಾವಣವಂತೂ ಕೊಳೆಯೊಂದಿಗೇ ಸೆಣಸಿ ತನ್ನ ಶಕ್ತಿ ಕಳೆದುಕೊಳ್ಳುತ್ತದೆ.

ಸರಿಯಾದ ಕ್ರಮ ಹೀಗಿದೆ. ಮೊದಲು ಕೂದಲು ಉದುರಿಸಿ. ಆಮೇಲೆ ಸೋಪಿನ ನೀರಿನಲ್ಲಿ ಹಳೆಯ ಟೂತ್‌ಬ್ರಷ್ ಹಿಡಿದು ಹಲ್ಲುಗಳ ಸಂದು, ಕತ್ತರಿಯ ತಿರುಪಿನ ಸುತ್ತ, ಹಿಡಿಕೆಯ ಮಡಿಕೆಗಳಲ್ಲಿ ಉಜ್ಜಿ. ಉಜ್ಜುವಾಗ ದಪ್ಪ ರಬ್ಬರ್ ಕೈಗವಸು ಇರಲಿ, ಹರಿತವಾದವನ್ನು ನೀರಿನೊಳಗೆ ಮುಳುಗಿಸಿಕೊಂಡು ಉಜ್ಜಿ. ಹಾಗೆ ಮಾಡಿದರೆ ಹನಿ ಮುಖಕ್ಕೆ ಸಿಡಿಯುವುದಿಲ್ಲ. ಶುದ್ಧ ನೀರಿನಲ್ಲಿ ತೊಳೆದು ನೀರು ಜಾಡಿಸಿ. ನಂತರವೇ ದ್ರಾವಣಕ್ಕೆ ಹಾಕಿ, ಪೂರ್ತಿ ಮುಳುಗುವಂತೆ. ಅರ್ಧ ಮುಳುಗಿದ ಬಾಚಣಿಗೆಯ ಇನ್ನರ್ಧ ಕೊಳಕಾಗಿಯೇ ಉಳಿಯುತ್ತದೆ. ಹತ್ತು ನಿಮಿಷ ಕಳೆದ ಮೇಲೆ ತೆಗೆದು, ತೊಳೆದು, ಒಗೆದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ ‘ಶುದ್ಧ’ ಡಬ್ಬಿಗೆ ಸೇರಿಸಿ. ಒದ್ದೆಯಾಗಿಯೇ ಮುಚ್ಚಿಟ್ಟರೆ ಶಿಲೀಂಧ್ರ ಮತ್ತೆ ಹುಟ್ಟಿಕೊಳ್ಳುತ್ತದೆ, ಕತ್ತರಿಗೆ ತುಕ್ಕು ಹಿಡಿಯುತ್ತದೆ.

ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ಇಷ್ಟೆಲ್ಲ ತೊಳೆಯುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಹರಿಯುವ ನೀರೇ ಬೇಕೆಂದಿಲ್ಲ. ಸೋಪಿನ ನೀರಿಗೆ ಒಂದು ಚಿಕ್ಕ ಬೋಗುಣಿ, ನಲ್ಲಿ ಜೋಡಿಸಿದ ಒಂದು ಕ್ಯಾನ್, ಕೆಳಗೊಂದು ಬಕೆಟ್ ಇದ್ದರೆ ಒಂದು ಜೊತೆ ಸಾಮಾನಿಗೆ ಎರಡು ಮೂರು ಚೊಂಬು ನೀರು ಸಾಕು. ಸೋಪಿನ ನೀರು ಕದಡಿದ ಕೂಡಲೇ ಬದಲಿಸಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆ ಬಿಡದಿದ್ದರೆ ಪಾತ್ರೆ ತೊಳೆಯುವ ದ್ರವ ಬಳಸಿ.

ಯಾವ ದ್ರಾವಣ, ಎಷ್ಟು ಪ್ರಮಾಣ

ಬಟ್ಟಲು ನೀರಿಗೆ ನಾಲ್ಕು ಹನಿ ನಂಜುನಿರೋಧಕ ಹಾಕಿ ಬಾಚಣಿಗೆ ಅದ್ದುವುದನ್ನು ಶುದ್ಧೀಕರಣ ಎನ್ನಲಾಗದು. ವಾಸನೆಯೊಂದು ಬರುತ್ತದೆ, ಅಷ್ಟೇ.

ಪ್ಲಾಸ್ಟಿಕ್ ಸಾಮಾನು, ಕುರ್ಚಿ, ಹಲಗೆ, ನೆಲಕ್ಕೆ ಅಗ್ಗದ್ದು ಮತ್ತು ನಂಬಿಕಸ್ಥವಾದದ್ದು ಸೋಡಿಯಂ ಹೈಪೋಕ್ಲೋರೈಟ್. ಔಷಧಿ ಅಂಗಡಿಯಲ್ಲೂ, ಸ್ವಚ್ಛತಾ ಸಾಮಗ್ರಿ ಮಾರುವಲ್ಲೂ ಸಿಗುತ್ತದೆ. ಪಾರ್ಲರಿನಲ್ಲಿ ಮುಖಕ್ಕೆ ಹಚ್ಚುವ ಬ್ಲೀಚ್ ಬೇರೆ, ಇದು ಬೇರೆ. ಡಬ್ಬಿಯ ಮೇಲೆ 5 ಶೇಕಡಾ ಎಂದಿದ್ದರೆ, ರಕ್ತ ಬಿದ್ದ ಜಾಗ ಮತ್ತು ರಕ್ತ ತಗುಲಿದ ಪ್ಲಾಸ್ಟಿಕ್ ಸಾಮಾನಿಗೆ 100 ಮಿಲಿ ದ್ರವಕ್ಕೆ 900 ಮಿಲಿ ನೀರು ಸೇರಿಸಿ. ಆಗ 0.5 ಶೇಕಡಾ ದ್ರಾವಣವಾಗುತ್ತದೆ. ದಿನನಿತ್ಯದ ಒರೆಸುವಿಕೆಗೆ 20 ಮಿಲಿ ದ್ರವಕ್ಕೆ 980 ಮಿಲಿ ನೀರು ಸಾಕು, ಅದು 0.1 ಶೇಕಡಾ. ಬೆಳಿಗ್ಗೆ ಮಾಡಿದ್ದನ್ನು ಅದೇ ದಿನ ಮುಗಿಸಿ, ಉಳಿದದ್ದನ್ನು ಚೆಲ್ಲಿ. ಬಿಸಿಲು ಮತ್ತು ಸೆಕೆಗೆ ಕ್ಲೋರಿನ್ ಹಾರಿಹೋಗುತ್ತದೆ, ಆದ್ದರಿಂದ ಕಿಟಕಿಯ ಬಳಿ ಇಡಬೇಡಿ. ತಣ್ಣೀರನ್ನೇ ಬಳಸಿ.

ಒಂದು ಎಚ್ಚರಿಕೆಯನ್ನು ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ: ಈ ದ್ರಾವಣಕ್ಕೆ ಬೇರೆ ಏನನ್ನೂ ಬೆರೆಸಬಾರದು. ಶೌಚಾಲಯ ತೊಳೆಯುವ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅನೇಕ ಹೇರ್ ಡೈಗಳಲ್ಲಿ ಅಮೋನಿಯಾ ಇರುತ್ತದೆ, ಅದು ಸೇರಿದರೂ ಉಸಿರುಕಟ್ಟಿಸುವ ವಿಷಾನಿಲವೇ. ಡೈ ಕಲಸಿದ ಬಟ್ಟಲನ್ನು ತೊಳೆಯದೆ ಹೈಪೋಕ್ಲೋರೈಟಿಗೆ ಹಾಕುವುದು ಈ ಕಾರಣಕ್ಕೆ ಅಪಾಯ.

ಕತ್ತರಿ, ಚಿಮಟದಂಥ ಲೋಹದ ಸಾಮಾನನ್ನು ಹೈಪೋಕ್ಲೋರೈಟ್ ತಿಂದುಹಾಕುತ್ತದೆ. ಅವುಗಳಿಗೆ ಎರಡು ದಾರಿ. ಒಂದು, 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತು ನಿಮಿಷ ಮುಳುಗಿಸುವುದು. ನೂರು ಶೇಕಡಾ ಶುದ್ಧ ಆಲ್ಕೋಹಾಲ್ ಹೆಚ್ಚು ಬಲಶಾಲಿ ಎಂದು ಭಾವಿಸಿ ಹಣ ಕಳೆಯಬೇಡಿ. ರೋಗಾಣುವಿನ ಪ್ರೋಟೀನನ್ನು ಕೆಡಿಸಲು ಆಲ್ಕೋಹಾಲಿಗೆ ನೀರಿನ ಜೊತೆ ಬೇಕು, 70 ಶೇಕಡಾವೇ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಂಕಿ, ದೇವರ ದೀಪ, ಊದುಬತ್ತಿಯಿಂದ ಅದು ದೂರವಿರಲಿ. ಎರಡನೆಯದು ಕುದಿಸುವುದು. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ 20 ನಿಮಿಷ. ಮಧ್ಯದಲ್ಲಿ ಇನ್ನೊಂದು ಸಾಮಾನು ಹಾಕಿದರೆ ಗಡಿಯಾರ ಮತ್ತೆ ಮೊದಲಿನಿಂದ. ಕುದಿಸುವುದರಿಂದ ಬ್ಯಾಕ್ಟೀರಿಯಾದ ಗಟ್ಟಿ ಬೀಜಾಣುಗಳು ಸಾಯುವುದಿಲ್ಲ. ಕೂದಲು ಮತ್ತು ಮುಖದ ಸಾಮಾನ್ಯ ಕೆಲಸಕ್ಕೆ ಅದು ಸಾಕು, ಚರ್ಮ ಚುಚ್ಚುವ ಸಾಧನಕ್ಕೆ ಸಾಲದು. ಅಂಥವಕ್ಕೆ ಆಟೋಕ್ಲೇವ್ ಬೇಕು, 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಒತ್ತಡದಡಿ ಕನಿಷ್ಠ 15 ನಿಮಿಷ.

ನೇರಳೆ ಬೆಳಕಿನ ಪೆಟ್ಟಿಗೆಗಳ ಬಗ್ಗೆ ಖಂಡಿತವಾಗಿ ಹೇಳಬೇಕಾದ ಮಾತೊಂದಿದೆ. ‘ಸ್ಟೆರಿಲೈಸರ್’ ಎಂಬ ಹೆಸರಿನಲ್ಲಿ ಮಾರುವ ಈ ಪೆಟ್ಟಿಗೆಗಳಲ್ಲಿ ಬೆಳಕು ಬಿದ್ದ ಮೇಲ್ಮೈಗಷ್ಟೇ ಏನಾದರೂ ಆಗಬಹುದು. ಬಾಚಣಿಗೆಯ ಹಲ್ಲುಗಳ ನಡುವಿನ ನೆರಳು, ಕತ್ತರಿಯ ಒಳಮೈ, ಕೊಳೆಯ ಅಡಿಭಾಗ ಹಾಗೆಯೇ ಉಳಿಯುತ್ತವೆ. ಶುದ್ಧವಾದದ್ದನ್ನು ಇಡುವ ಕಪಾಟಾಗಿ ಬಳಸಿ. ಶುದ್ಧ ಮಾಡುವ ಯಂತ್ರವೆಂದು ನಂಬಿ ಗಿರಾಕಿಗೆ ಹೇಳಬೇಡಿ.

ಗಡ್ಡದ ಕೆಲಸ

ಅರ್ಧ ಬ್ಲೇಡ್ ಹಾಕುವ ರೇಜರನ್ನು ಒಮ್ಮೆ ಬಿಚ್ಚಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿ. ಬ್ಲೇಡ್ ಕೂರುವ ಸೀಳಿನಲ್ಲಿ, ಕೀಲಿನ ಬಳಿ, ಹಾಲುಬಿಳಿ ಬಣ್ಣದ ಗಟ್ಟಿ ಗೆರೆಯೊಂದು ಕಾಣುತ್ತದೆ. ಅದು ಒಣಗಿದ ಸೋಪು. ಸೂಜಿಯಿಂದ ಕೆರೆದರೆ ಅದರೊಳಗೆ ಪುಡಿಗೂದಲು, ಕೆಲವೊಮ್ಮೆ ಕಂದು ಬಣ್ಣದ ಚುಕ್ಕೆಗಳು ಬರುತ್ತವೆ. ಆ ಕಂದು ಚುಕ್ಕೆ ಯಾರದೋ ರಕ್ತವಾಗಿರಬಹುದು. ಹೊಸ ಬ್ಲೇಡ್ ಸಿಕ್ಕಿಸಿದಾಗ ಅದರ ಬಾಯಿ ಇದೇ ಸೀಳನ್ನು ಸವರಿಕೊಂಡು ಒಳಗೆ ಹೋಗುತ್ತದೆ. ಹಾಗಾಗಿ ಪ್ರತಿ ಗಡ್ಡದ ನಂತರ ಬ್ಲೇಡ್ ತೆಗೆದು, ರೇಜರ್ ಬಿಚ್ಚಿ, ಉಜ್ಜಿ, ಆಲ್ಕೋಹಾಲಿಗೆ ಹಾಕಿ. ಈ ಒಂದು ಕೆಲಸ ಶುರುವಾದರೆ ಅಂಗಡಿಯ ಅರ್ಧ ಅಪಾಯ ಇಳಿಯುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬ್ಲೇಡಿನ ಉಳಿದ ಅರ್ಧವನ್ನು ಕಾಗದದಲ್ಲೇ ಸುತ್ತಿ, ಮುಂದಿನ ಗಿರಾಕಿಯ ಎದುರಿಗೇ ತೆಗೆಯಿರಿ. ಬಳಸಿದ ತುಂಡು ಆ ಕ್ಷಣವೇ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಬೀಳಬೇಕು. ತಿರುಪು ಮುಚ್ಚಳದ ಖಾಲಿ ಕ್ಯಾನಿನ ಮುಚ್ಚಳದಲ್ಲಿ ಸೀಳು ಮಾಡಿದರೆ ಸಾಕು. ಮುಕ್ಕಾಲು ತುಂಬಿದ ಮೇಲೆ ಟೇಪ್ ಸುತ್ತಿ, ‘ಬ್ಲೇಡ್, ಅಪಾಯ’ ಎಂದು ಬರೆದು, ಪಾಲಿಕೆಯ ಕಸದ ಗಾಡಿಯವರಿಗೆ ಬಾಯಿಬಿಟ್ಟು ಹೇಳಿ ಬೇರೆಯಾಗಿ ಕೊಡಿ. ಕಾಗದದಲ್ಲಿ ಸುತ್ತಿ ಕೂದಲಿನ ಜೊತೆ ಎಸೆದ ಬ್ಲೇಡ್ ಕೊನೆಗೆ ಕೊಯ್ಯುವುದು ಬರಿಗೈಯಲ್ಲಿ ಕಸ ಬೇರ್ಪಡಿಸುವ ಪೌರಕಾರ್ಮಿಕರ ಬೆರಳನ್ನು.

ಪಟಿಕದ ವಿಷಯಕ್ಕೆ ಬರೋಣ. ರಕ್ತ ಜಿನುಗುವ ಜಾಗಕ್ಕೇ ನೇರವಾಗಿ ಉಜ್ಜುವ, ಒದ್ದೆಯಾಗಿಯೇ ಉಳಿಯುವ, ಯಾರೂ ತೊಳೆಯದ ವಸ್ತುವನ್ನು ಹತ್ತಾರು ಜನರಿಗೆ ಬಳಸುವುದು ಹೊಸ ಬ್ಲೇಡಿನ ಇಡೀ ಉದ್ದೇಶವನ್ನೇ ಅಳಿಸಿಹಾಕುತ್ತದೆ. ಪಟಿಕ ಬೇಕೇ ಬೇಕೆಂದರೆ ಪುಡಿ ಮಾಡಿ ನೀರಿನಲ್ಲಿ ಕರಗಿಸಿ ಸ್ಪ್ರೇ ಬಾಟಲಿಗೆ ತುಂಬಿ, ಇಲ್ಲವೇ ಪುಡಿಯನ್ನು ಹೊಸ ಹತ್ತಿಯಲ್ಲಿ ಒತ್ತಿ, ಹತ್ತಿ ಎಸೆಯಿರಿ. ಗಡ್ಡದ ಬ್ರಷ್ ಬದಲು ಟ್ಯೂಬಿನ ಕ್ರೀಮನ್ನು ಬೆರಳಿನಿಂದಲೇ ನೊರೆ ಬರಿಸಿ ಹಚ್ಚುವುದು ಒಳ್ಳೆಯದು.

ಟ್ರಿಮ್ಮರ್

ಇಂದಿನ ಕಟಿಂಗ್ ಎಲ್ಲ ಟ್ರಿಮ್ಮರಿನ ಮೇಲೆಯೇ ನಡೆಯುತ್ತದೆ. ಕುತ್ತಿಗೆಯ ಹಿಂಭಾಗಕ್ಕೆ ಶೂನ್ಯ ಅಳತೆಯಲ್ಲಿ ಹಿಡಿದಾಗ ಅದು ಚರ್ಮವನ್ನು ಕಣ್ಣಿಗೆ ಕಾಣದಂತೆ ತರಚುತ್ತದೆ. ಒಳಗೆ ಮೋಟಾರ್ ಇರುವುದರಿಂದ ಮುಳುಗಿಸುವಂತಿಲ್ಲ. ಪ್ರತಿ ಗಿರಾಕಿಯ ನಂತರ ಯಂತ್ರ ನಿಲ್ಲಿಸಿ, ಬ್ಲೇಡಿನ ಭಾಗ ಕಳಚಿ, ಕೂದಲು ಬ್ರಷ್‌ನಿಂದ ಉದುರಿಸಿ, ಆಲ್ಕೋಹಾಲ್ ಹನಿಯುವಷ್ಟು ಸಿಂಪಡಿಸಿ. ಲೇಬಲ್ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ. ಸಿಂಪಡಿಸಿದ ಕೂಡಲೇ ಒರೆಸಿಬಿಟ್ಟರೆ ಪ್ರಯೋಜನವಿಲ್ಲ. ಒಣಗಿದ ಮೇಲೆ ಒಂದೆರಡು ಹನಿ ಎಣ್ಣೆ ಬಿಟ್ಟು ಓಡಿಸಿ. ಬ್ಲೇಡಿನ ಭಾಗಗಳು ಬಿಡಿಯಾಗಿ ಸಿಗುತ್ತವೆ. ಎರಡು ಕೊಂಡಿಟ್ಟರೆ ಒಂದು ನೆನೆಯುತ್ತಿರುವಾಗ ಇನ್ನೊಂದು ಓಡುತ್ತದೆ. ಅಳತೆಯ ಪ್ಲಾಸ್ಟಿಕ್ ಬಾಚಣಿಗೆಗಳನ್ನು ಸೋಪಿನಲ್ಲಿ ತೊಳೆದು ದ್ರಾವಣಕ್ಕೆ ಹಾಕಿ.

ಬಟ್ಟೆ, ಟವೆಲ್

ಒಬ್ಬರಿಗೆ ಒಂದು ಟವೆಲ್. ಹೊದಿಸುವ ದೊಡ್ಡ ಬಟ್ಟೆಯನ್ನು ಪ್ರತಿ ಸಲ ಒಗೆಯುವುದು ಕಷ್ಟ. ಅದು ಚರ್ಮಕ್ಕೆ ತಾಗದಂತೆ ಕುತ್ತಿಗೆಗೆ ಕಾಗದದ ಪಟ್ಟಿ ಸುತ್ತಿದರೆ ಅರ್ಧ ಸಮಸ್ಯೆ ಮುಗಿಯಿತು. 2020ರ ಕೊರೊನಾ ಲಾಕ್‌ಡೌನ್ ನಂತರ ಅಂಗಡಿಗಳು ತೆರೆದಾಗ ಇದನ್ನೆಲ್ಲ ಮಾಡಿದ್ದೆವು, ಗಿರಾಕಿಗಳೂ ಮೆಚ್ಚಿದ್ದರು. ಬಿಡಬಾರದಿತ್ತು. ಟವೆಲ್‌ಗಳನ್ನು ಬಿಸಿ ನೀರು ಮತ್ತು ಡಿಟರ್ಜೆಂಟಿನಲ್ಲಿ ಒಗೆದು ಬಿಸಿಲಿಗೆ ಹರವಿ. ನಮ್ಮೂರಿನ ಬಿಸಿಲು ಧಾರಾಳ. ಮಳೆಗಾಲದಲ್ಲಿ ಅರೆಬರೆ ಒಣಗಿದ ಟವೆಲ್ ಬಳಸುವ ಬದಲು ಟಿಶ್ಯೂ ಬಳಸಿ.

ಪಾರ್ಲರಿನ ಕೆಲಸಗಳು

ಐಬ್ರೋ ಮಾಡುವಾಗ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು ರೂಢಿ. ದಾರ ಮುಖದ ಮೇಲೆ ಓಡಿ, ಕೂದಲು ಕಿತ್ತ ರಂಧ್ರಗಳಿಂದ ಜಿನುಗಿದ್ದನ್ನು ಹೊತ್ತು ಬಾಯಿಗೆ ಬರುತ್ತದೆ, ಬಾಯಿಯ ಎಂಜಲು ಗಿರಾಕಿಯ ಮುಖಕ್ಕೆ ಹೋಗುತ್ತದೆ. ಅಪಾಯ ಇಬ್ಬರಿಗೂ. ದಾರವನ್ನು ಕುತ್ತಿಗೆಗೆ ಕಟ್ಟಿಕೊಂಡು ಮಾಡುವ ವಿಧಾನವಿದೆ, ಕಲಿತರೆ ಅದೂ ಅಷ್ಟೇ ವೇಗವಾಗುತ್ತದೆ. ಪ್ರತಿಯೊಬ್ಬರಿಗೂ ಹೊಸ ದಾರ.

ವ್ಯಾಕ್ಸಿನ ವಿಷಯದಲ್ಲಿ ನಿಯಮ ಸರಳ: ಒಮ್ಮೆ ಚರ್ಮಕ್ಕೆ ತಾಗಿದ ಕಡ್ಡಿ ಮತ್ತೆ ಡಬ್ಬಿಗೆ ಹೋಗಬಾರದು. ವ್ಯಾಕ್ಸ್ ಬಿಸಿಯಾಗಿರುವುದರಿಂದ ಕ್ರಿಮಿ ಸಾಯುತ್ತವೆ ಎಂಬ ನಂಬಿಕೆ ಸುಳ್ಳು. ಮೈಗೆ ಹಚ್ಚಬಹುದಾದ ಬಿಸಿ ರೋಗಾಣುವನ್ನು ಕೊಲ್ಲುವಷ್ಟು ಇರುವುದಿಲ್ಲ. ಮರದ ಕಡ್ಡಿಗಳನ್ನು ಕಟ್ಟುಗಟ್ಟಲೆ ತಂದಿಡಿ, ಇಲ್ಲವೇ ಒಬ್ಬರಿಗೆ ಬೇಕಾಗುವಷ್ಟನ್ನು ಬೇರೆ ಬಟ್ಟಲಿಗೆ ತೆಗೆದು, ಉಳಿದದ್ದನ್ನು ಎಸೆಯಿರಿ. ಕ್ರೀಮ್ ಡಬ್ಬಿಗೂ ಬೆರಳು ಹಾಕದೆ ಚಮಚದಲ್ಲಿ ತೆಗೆಯುವುದು ಇದೇ ಕಾರಣಕ್ಕೆ.

ಕಾಲು ನೆನೆಸುವ ತೊಟ್ಟಿಯ ಬಗ್ಗೆ ಒಂದು ನಿಜ ಘಟನೆ ಹೇಳಬೇಕು. 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಉಗುರಿನ ಸಲೂನಿನಲ್ಲಿ ಪೆಡಿಕ್ಯೂರ್ ಮಾಡಿಸಿಕೊಂಡ 100ಕ್ಕೂ ಹೆಚ್ಚು ಜನರ ಮೊಣಕಾಲಿನ ಕೆಳಗೆ ಗುಣವಾಗದ ಕುರುಗಳು ಎದ್ದವು. ತನಿಖೆ ಮಾಡಿದಾಗ ನೀರು ಸುಳಿಯುವ ತೊಟ್ಟಿಯ ಜರಡಿಯ ಹಿಂದೆ ಕೂದಲು, ಚರ್ಮದ ಚೂರುಗಳ ರಾಶಿ ಸಿಕ್ಕಿತು. ಕ್ಷಯರೋಗಾಣುವಿನ ದೂರದ ಸಂಬಂಧಿಯೊಂದು ಅಲ್ಲಿ ಮನೆ ಮಾಡಿತ್ತು. ಮನೆಯಲ್ಲೇ ಕಾಲಿನ ಕೂದಲು ಬೋಳಿಸಿಕೊಂಡು ಬಂದವರಿಗೆ ಹೆಚ್ಚು ತಗುಲಿತ್ತು. ಇದರಿಂದ ನಾವು ಕಲಿಯಬೇಕಾದದ್ದು ಎರಡು: ಸಾದಾ ಪ್ಲಾಸ್ಟಿಕ್ ಬೋಗುಣಿಯೇ ಯಂತ್ರದ ತೊಟ್ಟಿಗಿಂತ ಸುರಕ್ಷಿತ, ಏಕೆಂದರೆ ಉಜ್ಜಿ ತೊಳೆಯಬಹುದು. ಅದೇ ದಿನ ಕಾಲಿಗೆ ವ್ಯಾಕ್ಸ್ ಅಥವಾ ಶೇವಿಂಗ್ ಆಗಿದ್ದರೆ ಪೆಡಿಕ್ಯೂರ್ ಮುಂದೂಡಿ. ಸಕ್ಕರೆ ಕಾಯಿಲೆ ಇರುವವರ ಕಾಲಿನ ಗಟ್ಟಿ ಚರ್ಮ, ಆಣಿಗಳಿಗೆ ಬ್ಲೇಡ್ ತಾಗಿಸಬೇಡಿ. ಅವರಿಗೆ ಗಾಯ ಗೊತ್ತೇ ಆಗದೆ ಹುಣ್ಣಾಗಬಹುದು.

ಮದುವೆಯ ಕಾಲದಲ್ಲಿ ವಧುವಿನ ಅಲಂಕಾರಕ್ಕೆ ಹೋದಾಗ ಅಕ್ಕ, ತಂಗಿ, ಚಿಕ್ಕಮ್ಮ ಎಲ್ಲರಿಗೂ ಒಂದೇ ಕಾಡಿಗೆ, ಒಂದೇ ಲಿಪ್‌ಸ್ಟಿಕ್ ಓಡಾಡುತ್ತದೆ. 2023ರ ಮಳೆಗಾಲದಲ್ಲಿ ರಾಜ್ಯದಲ್ಲೆಲ್ಲ ಕಣ್ಣುಬೇನೆ ಹರಡಿದ್ದು ನೆನಪಿರಬಹುದು. ಲಿಪ್‌ಸ್ಟಿಕ್ಕನ್ನು ಚಮಚದ ತುದಿಯಿಂದ ಕೆರೆದು ತಟ್ಟೆಗೆ ತೆಗೆದು, ಎಸೆಯುವ ಬ್ರಷ್‌ನಿಂದ ಹಚ್ಚಿ. ಕಾಡಿಗೆ ಪೆನ್ಸಿಲನ್ನು ವಧುವೇ ತರಲಿ ಎಂದು ಮೊದಲೇ ಹೇಳಿಬಿಡಿ.

ಮಾಡಲೇಬಾರದ ಎರಡು ಕೆಲಸ

ಸೂಜಿ ಚುಚ್ಚುವ ಯಾವ ಚಿಕಿತ್ಸೆಯೂ ಪಾರ್ಲರಿನ ಕೆಲಸವಲ್ಲ. ಗಿರಾಕಿಯ ರಕ್ತವನ್ನೇ ತೆಗೆದು ಮುಖಕ್ಕೆ ಸೂಜಿಯಿಂದ ಸೇರಿಸುವ ಫೇಶಿಯಲ್ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗುಲಿದ್ದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ದೃಢಪಟ್ಟಿದೆ. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ಆ ವರದಿ ಪ್ರಕಟಿಸಿತು. ಮೊಬೈಲಿನ ವಿಡಿಯೋ ನೋಡಿ ಕಲಿತು ಮಾಡುವ ಕೆಲಸ ಇದಲ್ಲ. ಗಿರಾಕಿ ಕೇಳಿದರೆ ಚರ್ಮವೈದ್ಯರ ಬಳಿ ಕಳುಹಿಸಿ.

ಇನ್ನೊಂದು ಕುತ್ತಿಗೆಯನ್ನು ಲಟಕ್ಕೆಂದು ತಿರುವುವುದು. ಇದು ಸೋಂಕಿನ ವಿಷಯವಲ್ಲ, ಆದರೆ ಸುರಕ್ಷತೆಯ ಮಾತಿನಲ್ಲಿ ಬಿಡುವಂತಿಲ್ಲ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ತಲೆ ಮಾಲೀಸಿನ ಕೊನೆಯಲ್ಲಿ ಕುತ್ತಿಗೆ ತಿರುವಿಸಿಕೊಂಡ ಬಳಿಕ ಪಾರ್ಶ್ವವಾಯು ತಗುಲಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದಿತ್ತು. ಮಾಲೀಸು ಮಾಡಿ, ತಿರುವಬೇಡಿ. ಗಿರಾಕಿ ಕೇಳಿದರೂ ಬೇಡ.

ಡೈ ಮತ್ತು ಸ್ಟ್ರೈಟನಿಂಗ್

ಕಪ್ಪು ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಒಗ್ಗುವುದಿಲ್ಲ. ಮುಖ ಊದಿ ಕಣ್ಣು ಮುಚ್ಚಿಹೋಗಬಹುದು. ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ 48 ಗಂಟೆ ಕಾಯುವುದು ಕ್ರಮ. ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ ಎನ್ನುವವರಿಗೂ ಅಲರ್ಜಿ ಹೊಸದಾಗಿ ಶುರುವಾಗಬಹುದು. ಡೈ ಹೊಟ್ಟೆಗೆ ಹೋದರೆ ಪ್ರಾಣಾಂತಿಕ, ಮನೆಯಲ್ಲೇ ಪಾರ್ಲರ್ ನಡೆಸುವವರು ಬೀಗ ಹಾಕಿ ಇಡಿ. ಸ್ಟ್ರೈಟನಿಂಗ್ ಹೊಗೆಯಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಇರಬಹುದು. ಎಸಿ ಹಾಕಿ ಬಾಗಿಲು ಮುಚ್ಚಿ ಮಾಡುವ ಬದಲು ಕಿಟಕಿ ತೆರೆದು, ಹೊರಗೆ ಗಾಳಿ ತಳ್ಳುವ ಫ್ಯಾನ್ ಹಾಕಿ ಮಾಡಿ. ದಿನವಿಡೀ ಆ ಹೊಗೆ ಕುಡಿಯುವವರು ನೀವು, ಗಿರಾಕಿ ಎರಡು ಗಂಟೆಯಲ್ಲಿ ಎದ್ದು ಹೋಗುತ್ತಾರೆ.

ಕೊಯ್ದಾಗ ಏನು ಮಾಡಬೇಕು

ಗಿರಾಕಿಗೆ ಕೊಯ್ದರೆ ಕೈ ತೊಳೆದು, ಕೈಗವಸು ಹಾಕಿ, ಹೊಸ ಹತ್ತಿ ಕೊಟ್ಟು ಅವರಿಂದಲೇ ಒತ್ತಿಸಿ. ರಕ್ತ ನಿಂತ ಮೇಲೆ ಸೋಪು ನೀರಿನಲ್ಲಿ ತೊಳೆದು ಪಟ್ಟಿ ಹಾಕಿ. ರಕ್ತ ತಗುಲಿದ ಸಾಮಾನು ನೇರ ‘ಬಳಸಿದ್ದು’ ಡಬ್ಬಿಗೆ, ಆ ಬ್ಲೇಡ್ ಬ್ಲೇಡಿನ ಕ್ಯಾನಿಗೆ. ಕುರ್ಚಿ ಅಥವಾ ನೆಲಕ್ಕೆ ಬಿದ್ದ ರಕ್ತವನ್ನು ಮೊದಲು ಟಿಶ್ಯೂವಿನಿಂದ ಹೀರಿಸಿ ತೆಗೆದು, 0.5 ಶೇಕಡಾ ದ್ರಾವಣ ಸುರಿದು ಹತ್ತು ನಿಮಿಷ ಬಿಟ್ಟು ಒರೆಸಿ.

ನಿಮ್ಮ ಬೆರಳಿಗೆ ಬಳಸಿದ ಬ್ಲೇಡ್ ತಾಗಿದರೆ ಹಿಂಡಬೇಡಿ, ಬಾಯಲ್ಲಿ ಚೀಪಬೇಡಿ. ಸೋಪು ಮತ್ತು ನೀರಿನಲ್ಲಿ ಚೆನ್ನಾಗಿ ತೊಳೆದು, ಅದೇ ದಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ವೈದ್ಯರು ನಿರ್ಧರಿಸಿದರೆ ಅದನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ. ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕತ್ತರಿ ಹಿಡಿದು ಬದುಕುವ ಪ್ರತಿಯೊಬ್ಬರೂ ಇದನ್ನು ಹಾಕಿಸಿಕೊಳ್ಳಲೇಬೇಕು. ಸವಿತಾ ಸಮಾಜದ ಸಂಘಗಳು, ಪಾರ್ಲರ್ ಮಹಿಳೆಯರ ಗುಂಪುಗಳು ಒಟ್ಟಾಗಿ ಆರೋಗ್ಯ ಇಲಾಖೆಯನ್ನು ಕೇಳಿದರೆ ಶಿಬಿರ ನಡೆಸುವುದು ಕಷ್ಟವಲ್ಲ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಮಾತ್ರೆಯಿಂದ ಗುಣವಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅದು ಉಚಿತ.

ನೂಕುನುಗ್ಗಲಿನ ದಿನಗಳು

ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ಯುಗಾದಿ, ದೀಪಾವಳಿ, ಸಾಮಾನ್ಯ ಭಾನುವಾರಗಳಲ್ಲಿ ಕುರ್ಚಿ ಖಾಲಿಯಾಗುವುದೇ ಇಲ್ಲ. ನಿಯಮಗಳು ಮುರಿಯುವುದು ಆಗಲೇ. ಹಿಂದಿನ ರಾತ್ರಿಯೇ ಎಲ್ಲ ಜೊತೆಗಳನ್ನೂ ಶುದ್ಧ ಮಾಡಿ, ಟವೆಲ್ ಎಣಿಸಿ, ಕಾಗದದ ಪಟ್ಟಿ, ಬ್ಲೇಡ್ ತಂದಿಟ್ಟುಕೊಳ್ಳಿ. ತೊಳೆಯುವುದಕ್ಕೆಂದೇ ಒಬ್ಬರನ್ನು ನಿಲ್ಲಿಸಿ. ಜೊತೆಗಳು ಮುಗಿದರೆ ‘ಹತ್ತು ನಿಮಿಷ ಕೂತಿರಿ ಅಣ್ಣಾ, ಸಾಮಾನು ನೆನೆಯುತ್ತಿದೆ’ ಎಂದು ಹೇಳುವ ಧೈರ್ಯ ಬೇಕು. ಕಾರಣ ಹೇಳಿದರೆ ಎದ್ದು ಹೋಗುವವರು ಕಡಿಮೆ.

ಮನೆದೇವರ ಸನ್ನಿಧಿಯಲ್ಲಿ ಮಕ್ಕಳ ಜವಳ ತೆಗೆಸುವಾಗಲೂ ಇದೇ ಎಚ್ಚರ ಇರಲಿ. ಎಳೆಯ ನೆತ್ತಿ, ಅಳುವ ಮಗು, ಅಲುಗಾಡುವ ತಲೆ, ಕೊಯ್ಯುವ ಸಾಧ್ಯತೆ ಹೆಚ್ಚು. ತಂದೆತಾಯಂದಿರು ಹೊಸ ಬ್ಲೇಡ್ ಪೊಟ್ಟಣ, ಒಂದು ಟವೆಲ್, ಆಲ್ಕೋಹಾಲ್ ಬಾಟಲಿಯನ್ನು ಮನೆಯಿಂದಲೇ ಒಯ್ದು, ಹಿಡಿಕೆಯನ್ನು ಒರೆಸಿ ಕೊಡುವಂತೆ ವಿನಯದಿಂದ ಕೇಳಿ.

ಗಿರಾಕಿಗೆ ಸೋಂಕಿದ್ದರೆ

ನೆತ್ತಿಯ ಮೇಲೆ ಹುಳುಕಡ್ಡಿಯ ಉಂಗುರ, ಕೀವು, ಹೇನು ಕಂಡರೆ ಎಲ್ಲರೆದುರು ಕೂಗಿ ಹೇಳಬೇಡಿ. ಕನ್ನಡಿಯ ಮುಂದೆಯೇ ಬಗ್ಗಿ, ಮೆಲ್ಲಗೆ, ‘ಇಲ್ಲಿ ಸ್ವಲ್ಪ ಚರ್ಮ ಕೆಟ್ಟಿದೆ, ಡಾಕ್ಟರಿಗೆ ತೋರಿಸಿ ಬನ್ನಿ, ಆಮೇಲೆ ಮಾಡೋಣ’ ಎನ್ನಿ. ಮಗುವಾದರೆ ತಾಯಿಯನ್ನು ಬದಿಗೆ ಕರೆದು ಹೇಳಿ. ಔಷಧಿ ಅಂಗಡಿಯ ಸ್ಟೀರಾಯ್ಡ್ ಮುಲಾಮು ನೀವೇ ಸೂಚಿಸಬೇಡಿ. ಹುಳುಕಡ್ಡಿಯನ್ನು ಹಠಮಾರಿಯಾಗಿಸಿರುವುದರಲ್ಲಿ ಆ ಮುಲಾಮುಗಳ ಪಾಲೂ ಇದೆ.

ಎಚ್‌ಐವಿ ಇರುವವರಿಗೆ ಸೇವೆ ನಿರಾಕರಿಸುವಂತಿಲ್ಲ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಅದನ್ನು ತಾರತಮ್ಯವೆಂದು ನಿಷೇಧಿಸಿದೆ. ಪ್ರತಿಯೊಬ್ಬರಿಗೂ ಹೊಸ ಬ್ಲೇಡ್, ಶುದ್ಧ ಹಿಡಿಕೆ ಇದ್ದರೆ ನಿರಾಕರಿಸುವ ಅಗತ್ಯವೂ ಇಲ್ಲ. ಸ್ವಚ್ಛತೆಯ ಹೆಸರು ಹೇಳಿ ಜಾತಿಯ ಕಾರಣಕ್ಕೆ ಯಾರನ್ನಾದರೂ ಕುರ್ಚಿಯಿಂದ ದೂರವಿಡುವುದು ಅಪರಾಧ, ಸೋಂಕು ತಡೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಮಂಗಳವಾರದ ಕೆಲಸ

ಬಹುತೇಕ ಸಲೂನ್‌ಗಳಿಗೆ ಮಂಗಳವಾರ ರಜೆ. ಅಂದು ಬೆಳಿಗ್ಗೆ ಒಂದು ಗಂಟೆ ಮೀಸಲಿಟ್ಟರೆ ವಾರದ ಬಾಕಿಯೆಲ್ಲ ತೀರುತ್ತದೆ. ಕುರ್ಚಿಯ ತಲೆದಿಂಬಿನ ಹೊಲಿಗೆ, ಕೈ ಇಡುವ ಜಾಗದ ಅಡಿಭಾಗ, ನೀರಿನ ಸ್ಪ್ರೇ ಬಾಟಲಿಯ ಒಳಗು, ಫ್ಯಾನಿನ ರೆಕ್ಕೆ, ಎಸಿಯ ಜಾಲರಿ ಇವು ವಾರದ ನಡುವೆ ಕಣ್ಣಿಗೆ ಬೀಳುವುದಿಲ್ಲ. ಸ್ಪ್ರೇ ಬಾಟಲಿಯ ನೀರನ್ನಂತೂ ದಿನವೂ ಚೆಲ್ಲಿ ಹೊಸದು ತುಂಬಿ. ದ್ರಾವಣದ ಡಬ್ಬಿಗಳ ಅವಧಿ ಮುಗಿದಿದೆಯೇ ನೋಡಿ, ಹಲ್ಲು ಮುರಿದ ಬಾಚಣಿಗೆಗಳನ್ನು ತೆಗೆದುಹಾಕಿ, ಡ್ರೈಯರ್ ಮತ್ತು ಟ್ರಿಮ್ಮರಿನ ವೈರ್ ಸುಲಿದಿದ್ದರೆ ಬದಲಿಸಿ. ಮುಂದಿನ ವಾರಕ್ಕೆ ಏನೇನು ತರಬೇಕೆಂದು ಒಂದು ಚೀಟಿಯಲ್ಲಿ ಬರೆದು ಕನ್ನಡಿಯ ಮೂಲೆಗೆ ಸಿಕ್ಕಿಸಿ: ಬ್ಲೇಡ್, ಕೈಗವಸು, ಕಾಗದದ ಪಟ್ಟಿ, ಹತ್ತಿ, ಹೈಪೋಕ್ಲೋರೈಟ್, 70 ಶೇಕಡಾ ಆಲ್ಕೋಹಾಲ್.